ಬೇಸಗೆಯ ವರದಿ, ಮಳೆಗಾಲದ ಗುಡ್ಡ

ತಾಳಗುಪ್ಪಕ್ಕೆ ಬಂದರೆ ರೈಲುದಾರಿ ಮುಗಿಯಿತು. ರಾತ್ರಿಯೆಲ್ಲ ಗಾಡಿಯಲ್ಲಿ ತೂಕಡಿಸುತ್ತ ಬಂದ ಪ್ರವಾಸಿಗರಲ್ಲಿ ಹೆಚ್ಚಿನವರು ಇಲ್ಲಿಳಿದು ಜೋಗದ ಹಾದಿ ಹಿಡಿಯುತ್ತಾರೆ. ನಾವು ಮಾತ್ರ ಸಿದ್ದಾಪುರದ ಬಸ್ಸನ್ನೇರಿ ಶಿರಸಿಯತ್ತ ಹೊರಟೆವು. ಆಷಾಢದ ಮಳೆ ಹಿಡಿದಿತ್ತು. ಕಿಟಕಿಯ ಗಾಜಿನಾಚೆ ಕಾಡು, ಗದ್ದೆ, ಅಡಕೆ ತೋಟ ಎಲ್ಲವೂ ಒಂದೇ ಹಸಿರಿನಲ್ಲಿ ಕಲಸಿಹೋಗಿದ್ದವು. ಶಿರಸಿಯಲ್ಲಿ ಮಾರಿಕಾಂಬೆಗೆ ಕೈಮುಗಿದು, ಯಲ್ಲಾಪುರದ ಕಡೆಗೆ ಹೋಗುವ ಇನ್ನೊಂದು ಬಸ್ಸಿನಲ್ಲಿ ಒಂದಿಷ್ಟು ದೂರ ಸಾಗಿ, ಅಲ್ಲಿಂದ ಕೆಸರುದಾರಿಯಲ್ಲಿ ನಡೆದು ಅಕ್ಕನ ಮನೆ ಸೇರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಊರಿನ ಹೆಸರನ್ನು ಹೇಳುವುದಿಲ್ಲ. ಅಲ್ಲಿಯ ವಿಷಯವಿನ್ನೂ ಇತ್ಯರ್ಥವಾಗಿಲ್ಲ. ಹೆಸರು ಹೇಳಿ ಯಾರಿಗೂ ತೊಡಕುಂಟುಮಾಡುವುದು ನಮ್ಮ ಉದ್ದೇಶವಲ್ಲ.

ನಾವು ಹೋದದ್ದು ಮಳೆಗಾಲದ ಮಲೆನಾಡನ್ನು ನೋಡಲೆಂದು, ಅಪ್ಪೆಹುಳಿ ತಂಬುಳಿಗಳ ಊಟ ಉಂಡು ಬರಲೆಂದು. ಆದರೆ ಜಗಲಿಯ ಮೇಲೆ ನಮ್ಮನ್ನು ಎದುರುಗೊಂಡದ್ದು ಒಂದು ಕಾಗದದ ಕಟ್ಟು. ನಾನೂರು ಪುಟಗಳನ್ನು ಮೀರಿದ ಇಂಗ್ಲಿಷ್ ವರದಿ. ಅದರ ಮೇಲೆ ಹದಿನೆಂಟು ಪುಟಗಳ ಕನ್ನಡ ಸಾರಾಂಶ. ಅದನ್ನು ಸುತ್ತುವರಿದು ಕುಳಿತವರು ಮೂವರು: ಭಾವ, ಶಿರಸಿಯ ಕಾಲೇಜಿನಲ್ಲಿ ಓದುತ್ತಿರುವ ಅಕ್ಕನ ಮಗಳು, ಮತ್ತು ಭಾವನ ತಂದೆ. ಎಂಬತ್ತನ್ನು ದಾಟಿದ ಈ ಹಿರಿಯರನ್ನು ಊರೆಲ್ಲ ಅಜ್ಜ ಎಂದೇ ಕರೆಯುತ್ತದೆ. ನಾವೂ ಹಾಗೆಯೇ ಕರೆಯೋಣ.

"ಮಾವ, ಒಳ್ಳೆಯ ಸಮಯಕ್ಕೆ ಬಂದಿರಿ. ಇನ್ನು ಹನ್ನೆರಡು ದಿನ ಉಳಿದಿದೆ" ಎಂದಳು ಹುಡುಗಿ.

ಸಂಗತಿ ಹೀಗಿತ್ತು. ತೋಟದ ಮೇಲಿನ ಗುಡ್ಡದ ಆಚೆಬದಿಯಲ್ಲಿ ಕೆಲವು ಗುತ್ತಿಗೆಗಳನ್ನು ಕೂಡಿಸಿ ಕಲ್ಲುಗಣಿ ತೆಗೆಯುವ, ಜಲ್ಲಿ ಒಡೆಯುವ ಕ್ರಷರ್ ಹೂಡುವ ಪ್ರಸ್ತಾಪ ಬಂದಿತ್ತು. ಅದಕ್ಕೆ ಪರಿಸರ ಅನುಮತಿ ಬೇಕು. ಅನುಮತಿಗೆ ಮುನ್ನ, ಗಣಿಯಿಂದ ನೀರು, ಗಾಳಿ, ಕಾಡು, ಜನಜೀವನಗಳ ಮೇಲೆ ಏನೇನು ಪರಿಣಾಮವಾದೀತೆಂದು ಅಧ್ಯಯನ ಮಾಡಿಸಿ ವರದಿ ಒಪ್ಪಿಸಬೇಕು. ಪರಿಸರ ಪರಿಣಾಮ ಮೌಲ್ಯಮಾಪನ ವರದಿಯೆಂದು ಅದರ ಹೆಸರು. ವರದಿಯ ಕರಡನ್ನು ಜನರ ಮುಂದಿಟ್ಟು, ಸ್ಥಳದಲ್ಲಿಯೇ ಅಥವಾ ಸಮೀಪದಲ್ಲಿ ಸಭೆ ಸೇರಿಸಿ ಅವರ ಮಾತನ್ನು ಕೇಳಬೇಕು. ಸಭೆಗೆ ಕಡಿಮೆಯೆಂದರೆ 30 ದಿನ ಮುಂಚೆ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು. ಆ ಪ್ರಕಟಣೆ ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಬಂದಿತ್ತು. ಅಡಕೆಯ ಧಾರಣೆ ನೋಡುತ್ತಿದ್ದ ಭಾವನ ಕಣ್ಣಿಗೆ ಅದು ಬಿದ್ದದ್ದು ಆಕಸ್ಮಿಕವೇ ಸರಿ. ನಾವು ತಲಪುವ ಹೊತ್ತಿಗೆ ಹದಿನೆಂಟು ದಿನಗಳು ಕಳೆದಿದ್ದವು.

"ನಾನೂರು ಪುಟವನ್ನು ಹನ್ನೆರಡು ದಿನದಲ್ಲಿ ಓದುವುದು ಹೇಗೆ?" ಎಂದು ಕೇಳಿದೆ. ಅಜ್ಜ ಎಲೆಗೆ ಸುಣ್ಣ ಸವರುತ್ತ ನಕ್ಕರು. "ನಾಳೆ ಮಾಗೋಡಿಗೆ ಹೋಗಿಬನ್ನಿ. ಆಮೇಲೆ ಹೇಳುತ್ತೇನೆ" ಎಂದರು.

ಮಾಗೋಡು ಯಲ್ಲಾಪುರಕ್ಕೆ ಸಮೀಪ. ಧಾರವಾಡದ ಕಡೆ ಹುಟ್ಟಿ ಬಂದ ಬೇಡ್ತಿ ನದಿ ಅಲ್ಲಿ ಎರಡು ಹಂತಗಳಾಗಿ ಸುಮಾರು 200 ಮೀಟರು ಆಳದ ಕಣಿವೆಗೆ ಧುಮುಕುತ್ತದೆ. ನಾವು ಹೋದಾಗ ಮಂಜು ಮುಸುಕಿತ್ತು. ನೀರಿನ ಮೊರೆತ ಕೇಳುತ್ತಿದ್ದರೂ ನೀರು ಕಾಣುತ್ತಿರಲಿಲ್ಲ. ಅರ್ಧ ಗಂಟೆ ಕಾದ ಮೇಲೆ ಗಾಳಿ ಬೀಸಿ ಪರದೆ ಸರಿದಾಗ, ಕಣಿವೆಯ ಎರಡು ಮಗ್ಗುಲಲ್ಲಿಯೂ ದಟ್ಟವಾದ ನಿತ್ಯಹಸಿರು ಕಾಡು, ನಡುವೆ ಕೆಂಪು ಬೆರೆತ ಬಿಳಿಯ ನೀರು. ಈ ನದಿಯೇ ಮುಂದೆ ಗಂಗಾವಳಿಯೆಂಬ ಹೆಸರು ಹೊತ್ತು ಅಂಕೋಲೆಯ ಸೀಮೆಯಲ್ಲಿ ಕಡಲನ್ನು ಸೇರುತ್ತದೆ.

ಸಂಜೆ ಅಜ್ಜ ಕಥೆ ತೆಗೆದರು. ಬೇಡ್ತಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ತು ತೆಗೆಯುವ ಯೋಜನೆ 1980ರ ಸುಮಾರಿಗೆ ಸಿದ್ಧವಾಗಿತ್ತು. ಕಾಡಿನೊಡನೆ ಅಡಕೆ ತೋಟಗಳೂ ಮುಳುಗಬೇಕಾಗಿದ್ದವು. ಆಗ ಬೆಳೆಗಾರರು ಮಾಡಿದ ಕೆಲಸ ಇಂದಿಗೂ ನೆನೆಯತಕ್ಕದ್ದು. 1981ರ ಜನವರಿಯಲ್ಲಿ ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘವು ಒಂದು ವಿಚಾರಸಂಕಿರಣವನ್ನು ಏರ್ಪಡಿಸಿತು. ವಿಜ್ಞಾನಿಗಳು, ಅರ್ಥಶಾಸ್ತ್ರ ಬಲ್ಲವರು, ಬೆಳೆಗಾರರು ಒಂದೇ ಸಭೆಯಲ್ಲಿ ಕುಳಿತು ಯೋಜನೆಯ ಲಾಭನಷ್ಟಗಳನ್ನು ಬಿಡಿಸಿ ನೋಡಿದರು. ಲೆಕ್ಕಕ್ಕೆ ಬಾರದೆ ಉಳಿದದ್ದೇನೆಂಬುದನ್ನು ಎತ್ತಿ ತೋರಿಸಿದರು. ಕಡೆಗೆ ಯೋಜನೆಯನ್ನು ಬದಿಗಿಡಲಾಯಿತು. ಜನರ ಮಾತನ್ನು ಕೇಳಬೇಕೆಂಬ ನಿಯಮ ಆಗ ಇರಲಿಲ್ಲ. ದೇಶದಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂದದ್ದು 1986ರಲ್ಲಿ; ವರದಿ ಕಡ್ಡಾಯವಾದದ್ದು 1994ರ ಜನವರಿ 27ರ ಅಧಿಸೂಚನೆಯಿಂದ; ಸಾರ್ವಜನಿಕ ಸಭೆ ಕಡ್ಡಾಯವಾದದ್ದು 1997ರಲ್ಲಿ. ಈಗ ನಡೆಯುವ ಕ್ರಮಕ್ಕೆ ಆಧಾರ 2006ರ ಸೆಪ್ಟೆಂಬರ್ 14ರ ಅಧಿಸೂಚನೆ ಮತ್ತು ಅದಕ್ಕೆ ಬಂದಿರುವ ಹಲವು ತಿದ್ದುಪಡಿಗಳು.

"ಆ ಸಭೆಯಲ್ಲಿ ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ನನಗೆ ಇಂಗ್ಲಿಷು ಬಾರದು. ಆದರೆ ಅಂದು ಒಂದು ತಿಳಿಯಿತು. ವರದಿ ಬರೆದವರಿಗೆ ಗೊತ್ತಿರುವುದು ವರದಿಯಲ್ಲಿ ಇರುತ್ತದೆ. ನಮಗೆ ಗೊತ್ತಿರುವುದನ್ನು ನಾವು ಹೇಳದಿದ್ದರೆ ಅದರಲ್ಲಿ ಇರುವುದಿಲ್ಲ. ಅಷ್ಟೇ" ಎಂದರು ಅಜ್ಜ.

ಆ ರಾತ್ರಿ ಕಂದೀಲು ಬೆಳಗಿ ಓದಲು ಕುಳಿತೆವು; ಮಳೆಗೆ ವಿದ್ಯುತ್ತು ಹೋಗಿತ್ತೆಂದು ಬೇರೆ ಹೇಳಬೇಕಾಗಿಲ್ಲ. ಮೊದಲು ಕನ್ನಡ ಸಾರಾಂಶವನ್ನೆತ್ತಿಕೊಂಡೆವು. ಮೂರನೆಯ ಪುಟದಲ್ಲಿಯೇ ನಗೆ ಉಕ್ಕಿತು. 'ಗುಡ್ಡದ ಮೇಲೆ ಜಲ್ಲಿ ಒಡೆಯುವ ಸಸ್ಯವನ್ನು ಸ್ಥಾಪಿಸಲಾಗುವುದು' ಎಂದು ಅಚ್ಚಾಗಿತ್ತು. ಯಂತ್ರಸ್ಥಾವರಕ್ಕೂ ಗಿಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದವಾದ್ದರಿಂದ, ಅನುವಾದ ಮಾಡಿದವರು, ಅಥವಾ ಮಾಡಿದ ಗಣಕಯಂತ್ರ, ಗುಡ್ಡದ ಮೇಲೆ ಕಲ್ಲೊಡೆಯುವ ಗಿಡವನ್ನೇ ನೆಟ್ಟುಬಿಟ್ಟಿತ್ತು! ನಗು ಆರಿದ ಮೇಲೆ ಭಾವ, "ಊರಿನವರಲ್ಲಿ ಹೆಚ್ಚಿನವರು ಓದುವುದು ಈ ಹದಿನೆಂಟು ಪುಟಗಳನ್ನು ಮಾತ್ರ" ಎಂದರು. ಆ ಮಾತಿಗೆ ಯಾರೂ ನಗಲಿಲ್ಲ.

ದೊಡ್ಡ ವರದಿಯನ್ನು ಹುಡುಗಿ ನಮಗೆ ಬಿಡಿಸಿ ಹೇಳಿದಳು. ಇಂತಹ ವರದಿಗಳ ಚೌಕಟ್ಟನ್ನು ಅಧಿಸೂಚನೆಯೇ ಗೊತ್ತುಮಾಡಿದೆ, ಹನ್ನೆರಡು ಅಧ್ಯಾಯಗಳು. ಮುನ್ನುಡಿ, ಯೋಜನೆಯ ವಿವರ, ಪರಿಸರದ ಈಗಿನ ಸ್ಥಿತಿ, ಆಗಬಹುದಾದ ಪರಿಣಾಮ ಮತ್ತು ಪರಿಹಾರ, ಬದಲಿ ಸ್ಥಳ ಅಥವಾ ವಿಧಾನಗಳ ವಿವೇಚನೆ, ಮುಂದಿನ ಉಸ್ತುವಾರಿ, ಹೀಗೆ ಸಾಗಿ, ಕಡೆಯಲ್ಲಿ ವರದಿ ಬರೆದವರು ಯಾರೆಂಬ ವಿವರ. ಎಲ್ಲವನ್ನೂ ಮೊದಲಿನಿಂದ ಕಡೆಯವರೆಗೆ ಓದುವ ಅವಶ್ಯವಿಲ್ಲ. ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಉತ್ತರವಿರುವ ಪುಟವನ್ನು ಹುಡುಕುವುದು ಲೇಸು.

ನಮ್ಮ ಮೊದಲ ಪ್ರಶ್ನೆ ಲಾರಿಗಳದು. ಮನೆಯ ಮುಂದಿನ ದಾರಿಯಲ್ಲಿ ಮಕ್ಕಳು ಶಾಲೆಗೆ ನಡೆದುಹೋಗುತ್ತಾರೆ. ಸಾರಾಂಶದಲ್ಲಿ 'ವಾಹನ ಸಂಚಾರದಲ್ಲಿ ಅಲ್ಪ ಹೆಚ್ಚಳ' ಎಂದಿತ್ತು. ಅಲ್ಪವೆಂದರೆ ಎಷ್ಟು? ಎರಡನೆಯ ಅಧ್ಯಾಯದಲ್ಲಿ ಉತ್ಪಾದನೆ ವರ್ಷಕ್ಕೆ 3 ಲಕ್ಷ ಟನ್ನು, ಕೆಲಸದ ದಿನಗಳು 300 ಎಂದು ಸಿಕ್ಕಿತು. ಹಾಗಾದರೆ ದಿನಕ್ಕೆ 1,000 ಟನ್ನು. ಲಾರಿಗೆ 20 ಟನ್ನಿನಂತೆ 50 ಲಾರಿ. ಬರುವುದು ಹೋಗುವುದು ಸೇರಿ 100 ಓಡಾಟ. ದಿನಕ್ಕೆ ಹತ್ತು ಗಂಟೆಯ ಕೆಲಸವೆಂದರೆ ಆರು ನಿಮಿಷಕ್ಕೊಂದು ಲಾರಿ. ಅಕ್ಕ ಅಡಿಗೆಮನೆಯಿಂದಲೇ ಲೆಕ್ಕ ಕೇಳುತ್ತಿದ್ದಳು. "ಆರು ನಿಮಿಷಕ್ಕೊಂದೇ?" ಎಂದವಳು ಸೌಟು ಹಿಡಿದುಕೊಂಡೇ ಜಗಲಿಗೆ ಬಂದು ನಿಂತಳು. ಗುಣಾಕಾರ ಭಾಗಾಕಾರಗಳಿಗಿಂತ ಹೆಚ್ಚಿನ ವಿದ್ಯೆ ಇದಕ್ಕೆ ಬೇಕಾಗಲಿಲ್ಲ.

ಎರಡನೆಯ ಪ್ರಶ್ನೆ ನೀರಿನದು. ಈ ಮನೆಯ ಬಾಳೆಲ್ಲ ನಿಂತಿರುವುದು ಅಬ್ಬಿ ನೀರಿನ ಮೇಲೆ. ಗುಡ್ಡದ ಮಗ್ಗುಲಲ್ಲಿ ಹುಟ್ಟುವ ಒರತೆಯ ನೀರನ್ನು ಹಿಂದೆ ಅಡಕೆಯ ದಬ್ಬೆಗಳಲ್ಲಿ, ಈಗ ಕೊಳವೆಯಲ್ಲಿ, ಹಿತ್ತಿಲಿಗೂ ತೋಟಕ್ಕೂ ಇಳಿಸಿಕೊಂಡಿದ್ದಾರೆ. ಪಂಪಿಲ್ಲ, ಕರೆಂಟಿನ ಹಂಗಿಲ್ಲ. ವರದಿಯ ಮೂರನೆಯ ಅಧ್ಯಾಯವನ್ನು ತೆರೆದೆವು. 'ಗಣಿ ಪ್ರದೇಶದಿಂದ 500 ಮೀಟರಿನೊಳಗೆ ವರ್ಷವಿಡೀ ಹರಿಯುವ ತೊರೆ ಯಾವುದೂ ಇಲ್ಲ' ಎಂಬ ಒಂದು ವಾಕ್ಯ. ಅಬ್ಬಿಯ ಸುದ್ದಿಯೇ ಇಲ್ಲ.

ಮರುದಿನ ಗುಡ್ಡ ಹತ್ತಿದೆವು. ಅಜ್ಜನೂ ಕಂಬಳಿಕೊಪ್ಪೆ ಹಾಕಿಕೊಂಡು, ಕೋಲೂರಿಕೊಂಡು ಜೊತೆಗೆ ಹೊರಟರು, ಬೇಡವೆಂದರೆ ಕೇಳುವವರಲ್ಲ. ಉಂಬಳಗಳ ಉಪಚಾರವನ್ನು ಕಾಲಿಗೆ ಸುಣ್ಣ ಹಚ್ಚಿಕೊಂಡು ಸಹಿಸಿದೆವು. ಮೊದಲು ಸೊಪ್ಪಿನ ಬೆಟ್ಟ. ಅಡಕೆ ತೋಟಕ್ಕೆ ಹಸಿರುಸೊಪ್ಪು ತರಗೆಲೆಗಳನ್ನು ಒದಗಿಸುವ ಈ ಕಾಡಿನ ಹಕ್ಕನ್ನು ಬೆಳೆಗಾರರು ತಲೆಮಾರುಗಳಿಂದ ಅನುಭವಿಸುತ್ತ ಬಂದಿದ್ದಾರೆ. ವರದಿಯ ಪಟದಲ್ಲಿ ಇದಕ್ಕೆ ಕುರುಚಲು ಭೂಮಿಯೆಂದು ಹೆಸರು. ಕೊಂಬೆ ಸವರಿದ ಮರಗಳು ಬೇಸಗೆಯಲ್ಲಿ ಉಪಗ್ರಹದ ಕಣ್ಣಿಗೆ ಹಾಗೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಅಲ್ಲಿಂದ ಮೇಲೆ ಒಂದು ಹಳ್ಳ ಮೊಣಕಾಲುದ್ದ ನೀರು ಹೊತ್ತು ಭೋರಿಡುತ್ತಿತ್ತು. ಹುಡುಗಿ ಮೊಬೈಲಿನಲ್ಲಿ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ತೆಗೆದು ವರದಿಯ ನಕ್ಷೆಯೊಡನೆ ತಾಳೆ ನೋಡಿದಳು. ನಾವು ನಿಂತದ್ದು ಗಣಿಯ ಗಡಿಯಿಂದ 300 ಮೀಟರಿಗೂ ಕಡಿಮೆ ದೂರದಲ್ಲಿ.

"ಹಾಗಾದರೆ ವರದಿ ಸುಳ್ಳು!" ಎಂದೆ ನಾನು, ಪಟ್ಟಣಿಗನ ಆತುರದಿಂದ.

"ಸುಳ್ಳಲ್ಲ" ಎಂದರು ಅಜ್ಜ. "ಈ ಹಳ್ಳ ಫಾಲ್ಗುಣಕ್ಕೆ ಬತ್ತುತ್ತದೆ. ಅವರು ಬಂದದ್ದು ಯಾವಾಗ, ನೋಡು ಮಗಳೇ."

ಅನುಬಂಧದಲ್ಲಿ ತಾರೀಖುಗಳಿದ್ದವು. ಅಧ್ಯಯನ ನಡೆದದ್ದು ಮಾರ್ಚಿನಿಂದ ಮೇ ತಿಂಗಳವರೆಗೆ. ಇದರಲ್ಲಿ ಕಪಟವೇನೂ ಇಲ್ಲ. ಗಣಿಯಂತಹ ಯೋಜನೆಗಳಿಗೆ ಮಳೆಗಾಲವನ್ನು ಬಿಟ್ಟು ಬೇರೊಂದು ಋತುವಿನ ಅಂಕಿಅಂಶಗಳನ್ನು ಸಂಗ್ರಹಿಸಿದರೆ ಸಾಕೆಂಬುದು ವಾಡಿಕೆಯಲ್ಲಿರುವ ಕ್ರಮ. ಗಾಳಿಯಲ್ಲಿನ ಧೂಳನ್ನು ಅಳೆಯಲು ಅದು ಸರಿಯಾದ ಕಾಲವೂ ಹೌದು. ಆದರೆ ಮಳೆಯೇ ಜೀವವಾಗಿರುವ ಸೀಮೆಯಲ್ಲಿ, ನಾಲ್ಕು ತಿಂಗಳ ಮಳೆಯನ್ನು ಕುಡಿದು ಎಂಟು ತಿಂಗಳು ಒರತೆಯಾಗಿ ಬಿಡುವ ಗುಡ್ಡವನ್ನು ಬೇಸಗೆಯಲ್ಲಿ ನೋಡಿದವರಿಗೆ ಅದು ಬರಿಯ ಕಲ್ಲಾಗಿ ಕಾಣುತ್ತದೆ. ಮೇಲಿನ ಹಳ್ಳ ಬತ್ತಿದ ಮೇಲೂ ಕೆಳಗಿನ ಅಬ್ಬಿಯಲ್ಲಿ ಸಣ್ಣ ಧಾರೆ ನಿಲ್ಲದೆ ಬೀಳುತ್ತಿರುತ್ತದೆ. ಎರಡಕ್ಕೂ ಇರುವ ನಂಟನ್ನು ಬಲ್ಲವರು ವರ್ಷವಿಡೀ ಅಲ್ಲಿ ಬಾಳುವವರು ಮಾತ್ರ. ವರದಿಯಲ್ಲಿ ಒಂದು ಋತು ಇತ್ತು. ಉಳಿದ ಋತುಗಳನ್ನು ಸೇರಿಸುವ ಹೊಣೆ ಊರಿನದಾಗಿತ್ತು.

ಹೀಗೆ ಬಿಟ್ಟುಹೋದದ್ದು ದೊಡ್ಡ ಯೋಜನೆಗಳಲ್ಲಿಯೂ ಮುಖ್ಯವಾಗುತ್ತದೆಂಬುದಕ್ಕೆ ನೆರೆಯ ಗೋವೆಯಲ್ಲಿಯೇ ನಿದರ್ಶನವುಂಟು. ಅಲ್ಲಿಯ ಮೋಪಾ ವಿಮಾನ ನಿಲ್ದಾಣದ ಪರಿಸರ ಅನುಮತಿಯನ್ನು ಸರ್ವೋಚ್ಚ ನ್ಯಾಯಾಲಯವು 2019ರ ಮಾರ್ಚಿನಲ್ಲಿ ತಡೆಹಿಡಿಯಿತು. ಸುತ್ತಲಿನ ಕಾಡು ಮೊದಲಾದ ಮುಖ್ಯ ಸಂಗತಿಗಳನ್ನು ಅರ್ಜಿಯಲ್ಲಿ ಸರಿಯಾಗಿ ತಿಳಿಸಿಲ್ಲವೆಂಬುದೇ ಅದಕ್ಕೆ ಕಾರಣಗಳಲ್ಲೊಂದು. ಮರುಪರಿಶೀಲನೆಯಾಗಿ, ಹೆಚ್ಚಿನ ಷರತ್ತುಗಳು ಸೇರಿ, 2020ರ ಜನವರಿಯಲ್ಲಿ ತಡೆ ತೆರವಾಯಿತು; ನಿಲ್ದಾಣವೂ ಎದ್ದಿತು. ಪ್ರಶ್ನೆ ಕೇಳಿದ ಮಾತ್ರಕ್ಕೆ ಯೋಜನೆ ನಿಲ್ಲುವುದಿಲ್ಲ. ಆದರೆ ಕೇಳದಿದ್ದರೆ ಆ ಷರತ್ತುಗಳೂ ಹುಟ್ಟುತ್ತಿರಲಿಲ್ಲ.

ಸಭೆಯ ದಿನ ಬಂದಿತು. ನಮ್ಮ ರಜೆಯನ್ನು ಮುಂದಕ್ಕೆ ಹಾಕಿಸಿಕೊಂಡು ಉಳಿದಿದ್ದೆವು. ತಗಡು ಹೊದಿಸಿದ ಚಪ್ಪರದ ಮೇಲೆ ಮಳೆ ಡೋಲು ಬಾರಿಸುತ್ತಿತ್ತು. ಜಿಲ್ಲಾಡಳಿತದ ಪರವಾಗಿ ಹಿರಿಯ ಅಧಿಕಾರಿಗಳೊಬ್ಬರು ಅಧ್ಯಕ್ಷತೆ ವಹಿಸಿದ್ದರು. ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ಪಕ್ಕದಲ್ಲಿದ್ದರು. ನಿಯಮದಂತೆ ಕಲಾಪವೆಲ್ಲ ವೀಡಿಯೊ ಆಗುತ್ತಿತ್ತು. ಇಂತಿಷ್ಟು ಜನ ಸೇರಿದರೆ ಮಾತ್ರ ಸಭೆ ಎಂಬ ಕಟ್ಟಳೆಯಿಲ್ಲ. ಹತ್ತೇ ಜನ ಬಂದರೂ ಸಭೆ ನಡೆದಂತೆಯೇ ಲೆಕ್ಕ. ಅಂದು ಸುಮಾರು ಇನ್ನೂರು ಜನ ಬಂದಿದ್ದರು.

ಗಣಿಯ ಪರವಾಗಿಯೂ ಮಾತು ಬಂದಿತು. ಪಕ್ಕದೂರಿನ ತರುಣನೊಬ್ಬ ಎದ್ದು, "ತೋಟವಿದ್ದವರಿಗೆ ಅಬ್ಬಿ ಇದೆ. ತೋಟವಿಲ್ಲದ ನಾವು ಕೂಲಿಗೆ ಗೋವೆಗೆ ಹೋಗುತ್ತೇವೆ. ಇಲ್ಲಿಯೇ ಕೆಲಸ ಸಿಕ್ಕರೆ ಬೇಡವೇ?" ಎಂದು ಕೇಳಿದ. ಸಭೆ ಮೌನವಾಯಿತು. ಬೆಂಗಳೂರಿನಲ್ಲಿ ನಾವು ವಾಸಿಸುವ ಮನೆಯೂ ಯಾವುದೋ ಗುಡ್ಡದ ಜಲ್ಲಿಯಿಂದಲೇ ಎದ್ದದ್ದೆಂಬುದು ಆ ಕ್ಷಣ ನೆನಪಾಗಿ ನಾನು ತಲೆ ತಗ್ಗಿಸಿದೆ.

ಅಜ್ಜ ಎದ್ದು ನಿಂತರು. ಕೈಯಲ್ಲಿ ಒಂದೇ ಹಾಳೆ. "ಆ ಹುಡುಗ ಹೇಳಿದ್ದು ಸರಿ. ಕೆಲಸ ಬೇಕು. ನಾನು ಗಣಿ ಬೇಡವೆನ್ನಲು ಬಂದವನಲ್ಲ, ಮೂರು ಪ್ರಶ್ನೆ ಕೇಳಲು ಬಂದವನು" ಎಂದರು. ಹಳ್ಳಕ್ಕೂ ಅಬ್ಬಿಗೂ ಇರುವ ಸಂಬಂಧವನ್ನು ಮಳೆಗಾಲದಲ್ಲಿ ಬಂದು ನೋಡುವಿರಾ? ಮೂರು ಊರಿನ ನಲವತ್ತು ಮನೆಗಳು ಕುಡಿಯುವ ಆ ನೀರು ನಿಂತರೆ ಹೊಣೆ ಯಾರದು, ಅದಕ್ಕೆ ವರದಿಯ ಯಾವ ಪುಟದಲ್ಲಿ ಹಣ ತೆಗೆದಿಟ್ಟಿದೆ? ಲಾರಿಗಳಿಗೆ ಶಾಲೆಯ ದಾರಿಯನ್ನು ಬಿಟ್ಟು ಬೇರೆ ದಾರಿಯನ್ನು ಐದನೆಯ ಅಧ್ಯಾಯದಲ್ಲಿ ಏಕೆ ವಿವೇಚಿಸಿಲ್ಲ? ಸಲಹಾಸಂಸ್ಥೆಯವರು ತಮ್ಮತಮ್ಮಲ್ಲಿ ಮಾತಾಡಿಕೊಂಡು, "ಪರಿಶೀಲಿಸಿ ಅಂತಿಮ ವರದಿಯಲ್ಲಿ ಉತ್ತರ ಕೊಡುತ್ತೇವೆ" ಎಂದರು.

ಅದರಿಂದ ಅರ್ಧ ಜನ ಸಮಾಧಾನಗೊಂಡು ಎದ್ದು ಹೊರಟರು. ಹುಡುಗಿ ಮಾತ್ರ ಕುಳಿತೇ ಇದ್ದಳು. ಸಭೆಯ ಕೊನೆಯಲ್ಲಿ, ಜನ ಎತ್ತಿದ ವಿಷಯಗಳ ಟಿಪ್ಪಣಿಯನ್ನು ಅಲ್ಲಿಯೇ ಕನ್ನಡದಲ್ಲಿ ಓದಿ ಹೇಳಬೇಕೆಂದು ನಿಯಮವಿದೆ. ಅನುಮತಿಯ ಪರಿಶೀಲನೆ ಮಾಡುವವರ ಬಳಿಗೆ ಹೋಗುವುದು ಆ ಕಾಗದವೇ. ಗುಮಾಸ್ತರು ಓದತೊಡಗಿದರು. ಅಜ್ಜನ ಮಾತು 'ಕುಡಿಯುವ ನೀರಿನ ಸಮಸ್ಯೆ ಬಗ್ಗೆ ಪ್ರಸ್ತಾಪಿಸಿದರು' ಎಂಬ ಒಂದು ಸಾಲಾಗಿತ್ತು.

ಹುಡುಗಿ ಎದ್ದಳು. ಧ್ವನಿ ಸ್ವಲ್ಪ ನಡುಗುತ್ತಿತ್ತು. "ಸ್ವಾಮಿ, ಅವರು ಸಮಸ್ಯೆ ಇದೆಯೆಂದು ಹೇಳಲಿಲ್ಲ. ಅಬ್ಬಿಯಿದೆ, ಅದು ವರದಿಯಲ್ಲಿ ಇಲ್ಲ, ಮಳೆಗಾಲದಲ್ಲಿ ಅಧ್ಯಯನವಾಗಬೇಕು ಎಂದರು. ದಯವಿಟ್ಟು ಹಾಗೆಯೇ ಬರೆಸಬೇಕು" ಎಂದಳು. ಅಧ್ಯಕ್ಷರು ಆಕೆಯನ್ನು ಒಂದು ನಿಮಿಷ ನೋಡಿದರು. ಬಳಿಕ ಗುಮಾಸ್ತರ ಕಡೆ ತಿರುಗಿ, "ಆಕೆ ಹೇಳಿದಂತೆ ತಿದ್ದಿ" ಎಂದರು. ಮೂರೂ ಪ್ರಶ್ನೆಗಳು, ಅಬ್ಬಿಯೆಂಬ ಪದದೊಡನೆ, ಟಿಪ್ಪಣಿಯನ್ನು ಸೇರಿದವು. ಅಜ್ಜ ಬರೆದುತಂದ ಹಾಳೆಗೂ ಸ್ವೀಕೃತಿಯ ಮುದ್ರೆ ಬಿದ್ದಿತು.

ಮುಂದೇನಾಯಿತೆಂದು ವಾಚಕರು ಕೇಳಬಹುದು. ಇದನ್ನು ಬರೆಯುವ ಹೊತ್ತಿಗೆ ಅಂತಿಮ ವರದಿ ಬಂದಿಲ್ಲ. ಬಂದ ಮೇಲೆ ರಾಜ್ಯಮಟ್ಟದ ತಜ್ಞರ ಸಮಿತಿ ಅದನ್ನು ನೋಡಬೇಕು. ಅನುಮತಿ ಸಿಕ್ಕರೆ, ಒಪ್ಪದವರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಲು 30 ದಿನಗಳ ಅವಧಿಯಿದೆ. ಕಾರಣ ತೋರಿಸಿದರೆ ಇನ್ನೂ 60 ದಿನಗಳವರೆಗೆ ಅವಕಾಶ ಕೊಡಬಹುದು. ನಮ್ಮ ಭಾಗಕ್ಕೆ ಅದರ ಪೀಠ ಚೆನ್ನೈಯಲ್ಲಿದೆ. ಗಣಿ ನಡೆದರೂ ಷರತ್ತುಗಳ ಪಾಲನೆಯ ಬಗ್ಗೆ ಆರು ತಿಂಗಳಿಗೊಮ್ಮೆ ವರದಿ ಕೊಡಬೇಕು. ಅದನ್ನೂ ಯಾರಾದರೂ ಓದಬೇಕು.

ಹೊರಡುವ ದಿನ ಅಕ್ಕ ತೊಡದೇವು ಕಟ್ಟಿಕೊಟ್ಟಳು. ಹಿತ್ತಿಲಲ್ಲಿ ಅಬ್ಬಿಯ ನೀರು ಕಲ್ಲುಮರಿಗೆಗೆ ಬೀಳುತ್ತಿತ್ತು. ಬೊಗಸೆಯೊಡ್ಡಿ ಕುಡಿದೆ, ಹಲ್ಲು ಜುಮ್ಮೆನ್ನುವಷ್ಟು ತಂಪು. "ಇದರ ಅಳತೆ ತೆಗೆಯಬೇಕು, ಮಾವ" ಎಂದಳು ಹುಡುಗಿ. ಒಂದು ಕೊಡ ತುಂಬಲು ಎಷ್ಟು ಕ್ಷಣ ಬೇಕೆಂದು ತಿಂಗಳಿಗೊಮ್ಮೆ ಬರೆದಿಡಲು ನೋಟುಪುಸ್ತಕವನ್ನು ಆಗಲೇ ತಂದಿಟ್ಟಿದ್ದಳು. ಮೊದಲ ಪುಟದಲ್ಲಿ ಅಂದಿನ ತಾರೀಖು, ಅದರ ಮುಂದೆ ಅಜ್ಜನ ಸಹಿ.

ಬೆಂಗಳೂರಿಗೆ ಮರಳಿದ ಮೇಲೆ ನನಗೊಂದು ಅಭ್ಯಾಸವಾಗಿದೆ. ನಗರದಲ್ಲಿ 20,000 ಚದರ ಮೀಟರಿಗೆ ಮೇಲ್ಪಟ್ಟ ಕಟ್ಟಡಗಳಿಗೂ ಪರಿಸರ ಅನುಮತಿ ಬೇಕು. ಅವುಗಳಿಗೆ ಸಾರ್ವಜನಿಕ ಸಭೆಯ ವಿನಾಯಿತಿಯುಂಟು. ಆದರೂ ಅರ್ಜಿ ಮತ್ತು ಕಾಗದಪತ್ರಗಳನ್ನು ಕೇಂದ್ರ ಸರಕಾರದ ಪರಿವೇಶ್ ಜಾಲತಾಣದಲ್ಲಿ ಹುಡುಕಿ ನೋಡಬಹುದು. ನಮ್ಮ ಬೀದಿಯ ಕೊನೆಯಲ್ಲಿ ಏಳುತ್ತಿರುವ ಕಟ್ಟಡದ ಕಾಗದವನ್ನು ಮೊನ್ನೆ ತೆಗೆದು ನೋಡಿದೆ. ಅದರಲ್ಲಿ ಪಕ್ಕದ ರಾಜಕಾಲುವೆಯ ಬಗ್ಗೆ ಬರೆದಿರುವುದನ್ನು ಎರಡು ಸಲ ಓದಿದೆ. ಮಳೆಗಾಲದಲ್ಲಿ ಆ ಕಾಲುವೆ ಎಲ್ಲಿಯವರೆಗೆ ಏರುತ್ತದೆಂಬುದು ನಮ್ಮ ಬೀದಿಯವರಿಗೆಲ್ಲ ಗೊತ್ತು. ಅವರಲ್ಲಿ ನಾಲ್ಕು ಜನರನ್ನು ಬರುವ ಭಾನುವಾರ ಕಾಫಿಗೆ ಕರೆದಿದ್ದೇನೆ.